ಆಶ್ರಯವಿತ್ತ ಊರುಗಳು: ಮುಂಡಗೋಡದಿಂದ ಪ್ರಾವಿನ್ಸ್‌ಟೌನಿನವರೆಗೆ

ಊರಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಕಟ್ಟಿದ ಅರಸನಿಂದಲೋ ಅಲ್ಲಿಯ ದೇವಾಲಯದಿಂದಲೋ ಆರಂಭಿಸುವುದು ವಾಡಿಕೆ. ಹುಟ್ಟಿದ ನೆಲದಲ್ಲಿ ಬಾಳಲಾರದೆ ದೂರದಿಂದ ಬಂದು ನೆಲಸಿದವರ ಕಥೆಯು ಅಂತಹ ಬರೆವಣಿಗೆಯಲ್ಲಿ ಕೊನೆಯ ಪುಟದ ಒಂದೆರಡು ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಕೆಲವು ಊರುಗಳ ಹೆಸರು ಲೋಕದಲ್ಲಿ ಉಳಿದಿರುವುದು ಅವು ಯಾರಿಗೆ ಬಾಗಿಲು ತೆರೆದುವೆಂಬುದರಿಂದಲೇ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿರುವ ಟಿಬೆಟನ್ ಕಾಲೊನಿಯು ಇದಕ್ಕೆ ಮನೆಯ ಹತ್ತಿರದ ನಿದರ್ಶನವು.

1959ರ ಮಾರ್ಚ್ ತಿಂಗಳಿನಲ್ಲಿ ದಲಾಯಿ ಲಾಮಾ ಅವರು ಲ್ಹಾಸಾ ನಗರವನ್ನು ಬಿಟ್ಟು ಹಿಮಾಲಯವನ್ನು ದಾಟಿ ಭಾರತವನ್ನು ಸೇರಿದುದು ವಾಚಕರಿಗೆ ವಿದಿತವೇ ಇದೆ. ಅವರ ಬೆನ್ನ ಹಿಂದೆಯೇ ಸಹಸ್ರಾವಧಿ ಜನರು ಗಡಿಯನ್ನು ದಾಟಿದರು. ಭಿಕ್ಷುಗಳಲ್ಲಿ ಅನೇಕರನ್ನು ಬಂಗಾಲದ ಬಕ್ಸಾ ಎಂಬ ಹಳೆಯ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಕೂಡಿಹಾಕಿದ್ದ ಸ್ಥಳವದು. ಹಿಮದ ನಾಡಿನವರಿಗೆ ಅಲ್ಲಿಯ ಸೆಕೆಯೂ ತೇವವೂ ಸಹಿಸದಾಗಿ ಕ್ಷಯರೋಗದಿಂದ ಹಲವರು ಮೃತರಾದರು. ಇಂತಿರಲು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು ನಿರ್ವಾಸಿತರಿಗೆ ಭೂಮಿಯನ್ನು ಕೊಡಲು ಮುಂದಾದರು. ಮೊದಲು ಬೈಲಕುಪ್ಪೆಯಲ್ಲಿಯೂ, ಅನಂತರ 1966ರಲ್ಲಿ ಮುಂಡಗೋಡದಲ್ಲಿಯೂ ವಸತಿಗಳು ಹುಟ್ಟಿದುವು. 1409ರಲ್ಲಿ ತ್ಸೋಂಗ್‌ಖಾಪಾ ಆಚಾರ್ಯರು ಸ್ಥಾಪಿಸಿದ ಗಾಂದೆನ್ ವಿಹಾರವೂ, 1416ರಲ್ಲಿ ಆರಂಭವಾದ ಡ್ರೆಪುಂಗ್ ವಿಹಾರವೂ 1969ರ ಸುಮಾರಿಗೆ ಮುಂಡಗೋಡದ ಕಾಡಿನಂಚಿನಲ್ಲಿ ಮತ್ತೆ ತಲೆಯೆತ್ತಿದುವು. ಕಾಡನ್ನು ಕಡಿದು ಗೋವಿನಜೋಳವನ್ನೂ ಭತ್ತವನ್ನೂ ಬೆಳೆದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರಿ, ಆ ಜನರು ಬಾಳನ್ನು ಹೊಸದಾಗಿ ಕಟ್ಟಿಕೊಂಡರು.

ಬೌದ್ಧಧರ್ಮವು ಈ ನೆಲಕ್ಕೆ ಹೊಸತೇನೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನು ವನವಾಸ ದೇಶಕ್ಕೆ ಧರ್ಮಪ್ರಚಾರಕ್ಕಾಗಿ ಕಳುಹಿಸಲ್ಪಟ್ಟನೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ಆ ವನವಾಸವೇ ಇಂದಿನ ಬನವಾಸಿಯೆಂದು ವಿದ್ವಾಂಸರು ಗ್ರಹಿಸುತ್ತಾರೆ. ಬನವಾಸಿಯು ಮುಂಡಗೋಡಕ್ಕೆ ದೂರವಲ್ಲ. ಹೀಗೆ ಒಮ್ಮೆ ಉಪದೇಶಕನಾಗಿ ಬಂದ ಧರ್ಮವು ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲದ ತರುವಾಯ ಶರಣಾರ್ಥಿಯಾಗಿ ಅದೇ ಸೀಮೆಗೆ ಮರಳಿದುದು ಒಂದು ಸೋಜಿಗವೇ ಸರಿ.

ಆದರೆ ನಿರ್ವಾಸನವು ಸೈನ್ಯದಿಂದಲೇ ಆಗಬೇಕೆಂಬ ನಿಯಮವಿಲ್ಲ. ಗಡಿಯನ್ನು ದಾಟದೆಯೂ, ರಾಜಾಜ್ಞೆಯಿಲ್ಲದೆಯೂ ಊರನ್ನು ಕಳೆದುಕೊಂಡವರು ಲೋಕದಲ್ಲಿದ್ದಾರೆ. ಪುರುಷನನ್ನು ಪ್ರೀತಿಸುವ ಪುರುಷರೂ, ಸ್ತ್ರೀಯನ್ನು ಪ್ರೀತಿಸುವ ಸ್ತ್ರೀಯರೂ, ಹುಟ್ಟಿನಲ್ಲಿ ಗುರುತಿಸಲ್ಪಟ್ಟ ಲಿಂಗಕ್ಕೆ ಒಗ್ಗದವರೂ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಇದ್ದರು. ಅವರನ್ನು ಹೊರಹಾಕಿದುದು ಶತ್ರುವಿನ ಪಡೆಯಲ್ಲ. ತಮ್ಮದೇ ಮನೆಯ ಮೌನ, ಬೀದಿಯ ನಗೆ, ನ್ಯಾಯಾಲಯದ ಶಿಕ್ಷೆ. ಇಂತಹವರು ಸೇರಿಕೊಂಡು ನಿರ್ಭಯವಾಗಿ ಕೆಲವು ದಿನಗಳನ್ನಾದರೂ ಕಳೆಯುವ ಊರುಗಳು ಕಳೆದ ಶತಮಾನದಲ್ಲಿ ಪಶ್ಚಿಮದೇಶಗಳಲ್ಲಿ ಪ್ರಸಿದ್ಧಿಗೆ ಬಂದುವು. ಅವುಗಳಲ್ಲಿ ಬಹುಪಾಲು ಕಡಲತಡಿಯ ಸಣ್ಣ ಊರುಗಳೆಂಬುದು ವಿಚಾರಮಾಡತಕ್ಕ ಅಂಶವು. ಅವುಗಳಲ್ಲಿ ಅಮೇರಿಕದ ಪ್ರಾವಿನ್ಸ್‌ಟೌನ್ ಎಂಬ ಊರಿನ ಚರಿತ್ರೆಯು ವಿಶೇಷವಾಗಿ ಬೋಧಪ್ರದವಾಗಿದೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ಪೂರ್ವದಲ್ಲಿ, ಮಡಿಸಿ ಎತ್ತಿದ ತೋಳಿನಂತೆ ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡಿರುವ ಭೂಭಾಗಕ್ಕೆ ಕೇಪ್ ಕಾಡ್ ಎಂದು ಹೆಸರು. ಆ ತೋಳಿನ ಮುಷ್ಟಿಯಲ್ಲಿ, ಮರಳಿನ ದಿಬ್ಬಗಳಿಗೂ ಕೊಲ್ಲಿಗೂ ನಡುವೆ ಈ ಊರಿದೆ. ಬಾಸ್ಟನ್ ನಗರದಿಂದ ಹಡಗನ್ನೇರಿದ ಪ್ರವಾಸಿಗೆ ಮೊದಲು ಕಾಣಿಸುವುದು ಮನೆಗಳಲ್ಲ. 252 ಅಡಿ ಎತ್ತರದ ಒಂದು ಕಲ್ಲಿನ ಗೋಪುರ. 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟರು ಅದಕ್ಕೆ ಅಡಿಗಲ್ಲನ್ನಿಟ್ಟರು. 1910ರಲ್ಲಿ ಅಧ್ಯಕ್ಷ ಟಾಫ್ಟರು ಅದನ್ನು ಲೋಕಾರ್ಪಣಗೈದರು. ಸ್ವಮತದಂತೆ ದೇವರನ್ನು ಪೂಜಿಸಲು ಇಂಗ್ಲೆಂಡಿನಲ್ಲಿ ಎಡೆಯಿಲ್ಲದೆ, ಮೊದಲು ಹಾಲೆಂಡಿಗೂ ಅಲ್ಲಿಂದ ಸಾಗರದಾಚೆಗೂ ಹೊರಟವರ ನೆನಪಿಗಾಗಿ ಅದು ನಿಂತಿದೆ. ಅವರೂ ಅವರ ಸಹಪ್ರಯಾಣಿಕರೂ ಏರಿದ್ದ ‘ಮೇಫ್ಲವರ್’ ಎಂಬ ನಾವೆಯು 1620ರ ನವೆಂಬರ ತಿಂಗಳಿನಲ್ಲಿ ಲಂಗರು ಹಾಕಿದುದು ಈ ಕೊಲ್ಲಿಯಲ್ಲಿ. ತಮ್ಮನ್ನು ತಾವೇ ಆಳಿಕೊಳ್ಳುವೆವೆಂಬ ಒಡಂಬಡಿಕೆಗೆ 41 ಜನ ಪುರುಷರು ರುಜು ಹಾಕಿದುದೂ ಇಲ್ಲಿಯೇ. ಕೆಲವು ವಾರಗಳ ತರುವಾಯ ಅವರು ಪ್ಲಿಮತ್ ಎಂಬಲ್ಲಿಗೆ ತೆರಳಿದರು.

ಇಲ್ಲಿ ಇತಿಹಾಸದ ವ್ಯಂಗ್ಯವೊಂದನ್ನು ಗಮನಿಸಬೇಕು. ತಮ್ಮ ಅಂತಃಕರಣದ ಸ್ವಾತಂತ್ರ್ಯಕ್ಕಾಗಿ ಹುಟ್ಟುನೆಲವನ್ನು ತೊರೆದ ಆ ಜನರೇ 1636ರಲ್ಲಿ ಪ್ಲಿಮತ್ ವಸಾಹತಿನ ಕಾನೂನುಗಳನ್ನು ಬರೆದಾಗ, ಸಲಿಂಗಸಂಗಕ್ಕೆ ಮರಣದಂಡನೆಯನ್ನು ವಿಧಿಸಿದರು. ಆಶ್ರಯ ಪಡೆದವನು ಆಶ್ರಯ ಕೊಡುವವನಾಗಿಯೇ ಆಗುವನೆಂಬ ನಿಶ್ಚಯವಿಲ್ಲವೆಂದು ಇದರಿಂದ ವಿಶದವಾಗುವುದು.

ಪ್ರಾವಿನ್ಸ್‌ಟೌನು 1727ರಲ್ಲಿ ಪ್ರತ್ಯೇಕ ಗ್ರಾಮವೆಂದು ಗಣಿಸಲ್ಪಟ್ಟು, ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲದ ಬೇಟೆಯಿಂದಲೂ ಮೀನುಗಾರಿಕೆಯಿಂದಲೂ ಸಂಪನ್ನವಾಯಿತು. ಆ ಹಡಗುಗಳಲ್ಲಿ ದುಡಿಯಲು ಪೋರ್ತುಗೀಜರ ಅಜೋರ್ಸ್ ದ್ವೀಪಗಳಿಂದ ಬೆಸ್ತರ ಕುಟುಂಬಗಳು ಬಂದು ನೆಲಸಿದುವು. 1898ರ ನವೆಂಬರದಲ್ಲಿ ಎದ್ದ ಭಯಂಕರವಾದ ಬಿರುಗಾಳಿಯು ಊರಿನ ಧಕ್ಕೆಗಳನ್ನು ಮುರಿದುಹಾಕಿತು. ಮೀನಿನ ವ್ಯಾಪಾರವು ಕುಗ್ಗಿ, ಬಲೆ ಹಾಯಿಗಳನ್ನಿರಿಸುವ ಅಟ್ಟಗಳು ಬರಿದಾದುವು. ಆಗಲೇ, 1899ರಲ್ಲಿ, ಚಾರ್ಲ್ಸ್ ಹಾಥಾರ್ನ್ ಎಂಬ ಚಿತ್ರಕಾರರು ಅಲ್ಲಿ ಒಂದು ಕಲಾಶಾಲೆಯನ್ನು ತೆರೆದರು. ಬಾಡಿಗೆ ಕಡಮೆ, ಬೆಳಕು ಸಮೃದ್ಧ. ಆದುದರಿಂದ ಬಡ ಕಲಾವಿದರೂ ಲೇಖಕರೂ ಬೇಸಿಗೆಯಲ್ಲಿ ಅಲ್ಲಿ ನೆರೆಯತೊಡಗಿದರು. 1916ರಲ್ಲಿ ಧಕ್ಕೆಯ ಮೇಲಿನ ಹಳೆಯ ಮೀನಿನ ಮನೆಯೊಂದರಲ್ಲಿ ಯೂಜೀನ್ ಓನೀಲರ ನಾಟಕವು ಮೊದಲ ಬಾರಿಗೆ ರಂಗವನ್ನೇರಿತು. ಆ ನಾಟಕಕಾರರಿಗೆ 1936ರಲ್ಲಿ ನೊಬೆಲ್ ಪಾರಿತೋಷಿಕವು ದೊರೆಯಿತು. 1940ರ ದಶಕದಲ್ಲಿ ಟೆನೆಸ್ಸೀ ವಿಲಿಯಮ್ಸ್ ಎಂಬ ಇನ್ನೊಬ್ಬ ಪ್ರಸಿದ್ಧ ನಾಟಕಕಾರರು ಇಲ್ಲಿ ಬೇಸಿಗೆಗಳನ್ನು ಕಳೆದರು. ಅವರೂ ಸಲಿಂಗಪ್ರೇಮಿಗಳಲ್ಲೊಬ್ಬರು.

ಕಲಾವಿದರ ಬೆನ್ನಿಗೆ ಸಲಿಂಗಪ್ರೇಮಿಗಳು ಬಂದರು. ಅವರಿಗೆ ತಂಗಲು ಸ್ಥಳ ಕೊಟ್ಟವರು ಬಹುಮಟ್ಟಿಗೆ ಪೋರ್ತುಗೀಜ ಬೆಸ್ತರ ಮನೆಯ ಹೆಂಗಸರು. ಮೀನಿನ ಆದಾಯ ಸಾಲದೆ, ಅವರು ಮನೆಯ ಕೋಣೆಗಳನ್ನು ಬೇಸಿಗೆಗೆ ಬಾಡಿಗೆಗೆ ಬಿಡುತ್ತಿದ್ದರು. ಕ್ಯಾಥೊಲಿಕ್ ಮತದಲ್ಲಿ ದೃಢಶ್ರದ್ಧೆಯುಳ್ಳ ಆ ಗೃಹಿಣಿಯರು ಯಾವ ಸಿದ್ಧಾಂತವನ್ನೂ ಓದಿದವರಲ್ಲ. ಕೋಣೆಯನ್ನು ಚೊಕ್ಕಟವಾಗಿರಿಸಿ, ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಮುಂದಿನ ವರ್ಷವೂ ಬರುವ ಅತಿಥಿಯು ಅವರ ಲೆಕ್ಕದಲ್ಲಿ ಒಳ್ಳೆಯ ಅತಿಥಿ. ವರ್ಷವರ್ಷವೂ ಕಂಡ ಮುಖವು ಕ್ರಮೇಣ ಪರಿಚಯವಾಗಿ, ಪರಿಚಯವು ಸ್ನೇಹವಾಯಿತು. ಆದರೆ ದಾರಿಯು ನಿಷ್ಕಂಟಕವಾಗಿತ್ತೆಂದು ತಿಳಿಯಬಾರದು. 1950ರ ದಶಕದಲ್ಲಿ ಊರಿನ ಆಡಳಿತಮಂಡಲಿಯವರೇ, ಇಂತಹವರಿಗೆ ವಸತಿಯನ್ನೂ ಉದ್ಯೋಗವನ್ನೂ ಕೊಡಬಾರದೆಂಬ ಭಾವದಿಂದ ‘ಸಭ್ಯ ಜನ’ರಿಗೆ ಬಹಿರಂಗ ವಿಜ್ಞಾಪನೆಯನ್ನು ಹೊರಡಿಸಿದರು. ಆ ವಿಜ್ಞಾಪನೆಯು ಫಲಿಸಲಿಲ್ಲ. 1978ರಲ್ಲಿ ಊರಿನ ವ್ಯಾಪಾರಸಂಘದವರು ವಾರ್ಷಿಕ ಉತ್ಸವವೊಂದನ್ನೂ, 1984ರಲ್ಲಿ ವಸತಿಗೃಹಗಳನ್ನು ನಡೆಸುವ ಸ್ತ್ರೀಯರು ಸ್ತ್ರೀಯರಿಗಾಗಿಯೇ ಮೀಸಲಾದ ವಾರವೊಂದನ್ನೂ ಆರಂಭಿಸಿದರು. ಬೆಸ್ತರ ದೋಣಿಗಳಿಗೆ ಪಾದ್ರಿಗಳು ಆಶೀರ್ವದಿಸುವ ಹಬ್ಬವು 1948ರಿಂದಲೇ ನಡೆಯುತ್ತಿದ್ದಿತು. ಎರಡು ಬಗೆಯ ಉತ್ಸವಗಳೂ ಒಂದೇ ಬೀದಿಯಲ್ಲಿ ನಡೆದುಬಂದುವು.

ಸ್ನೇಹವು ಪರೀಕ್ಷೆಗೊಳಗಾದುದು 1980ರ ದಶಕದಲ್ಲಿ. ಏಡ್ಸ್ ಎಂಬ ಮಹಾವ್ಯಾಧಿಯು ಆಗ ಅಮೇರಿಕದಲ್ಲಿ ಸಲಿಂಗಪ್ರೇಮಿ ಪುರುಷರನ್ನು ವಿಶೇಷವಾಗಿ ಬಲಿತೆಗೆದುಕೊಂಡಿತು. ದೊಡ್ಡ ಪಟ್ಟಣಗಳಲ್ಲಿ ರೋಗಿಗಳನ್ನು ಮುಟ್ಟಲು ಹೆದರುವವರೇ ಹೆಚ್ಚಾಗಿದ್ದರು. ತಂದೆತಾಯಿಗಳೇ ಬಾಗಿಲು ಮುಚ್ಚಿದ ನಿದರ್ಶನಗಳೂ ಉಂಟು. ಅಂತಹವರಲ್ಲಿ ಅನೇಕರು ಪ್ರಾವಿನ್ಸ್‌ಟೌನಿಗೆ ಬಂದರು. ಈ ಬಾರಿ ವಿಹಾರಕ್ಕಲ್ಲ, ಸಾಯುವುದಕ್ಕೆ. 1983ರಲ್ಲಿಯೇ ಊರವರು ರೋಗಿಗಳ ಆರೈಕೆಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಅನ್ನವನ್ನು ಮನೆಗೆ ಮುಟ್ಟಿಸುವುದು, ದೂರದ ಆಸ್ಪತ್ರೆಗೆ ಬಂಡಿಯಲ್ಲಿ ಕರೆದೊಯ್ಯುವುದು, ಕೊನೆಯ ಗಳಿಗೆಯಲ್ಲಿ ಕೈಹಿಡಿದು ಕುಳಿತಿರುವುದು, ಇವೇ ಆ ಸೇವೆಯ ಸ್ವರೂಪವಾಗಿದ್ದುವು. ಮೃತರ ನೆನಪಿಗಾಗಿ 2018ರಲ್ಲಿ ಊರಿನ ನಡುವೆ ಶಿಲಾಸ್ಮಾರಕವೊಂದು ನಿಲ್ಲಿಸಲ್ಪಟ್ಟಿತು. ಅತಿಥಿಯಿಂದ ಬಾಡಿಗೆ ಬರುವವರೆಗೆ ಅತಿಥಿಸತ್ಕಾರವು ಸುಲಭ. ಬಾಡಿಗೆ ಬಾರದ ಅತಿಥಿಯನ್ನು, ಮೈಯಲ್ಲಿ ಹುಣ್ಣುಗಳೆದ್ದು ಹಾಸಿಗೆ ಹಿಡಿದವನನ್ನು, ಸತ್ಕರಿಸಿದಾಗಲೇ ಆ ಊರಿಗೆ ಆಶ್ರಯಸ್ಥಾನವೆಂಬ ಹೆಸರು ಸಾರ್ಥಕವಾಯಿತೆನ್ನಬಹುದು.

2004ರ ಮೇ 17ರಿಂದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಸಲಿಂಗವಿವಾಹವು ನ್ಯಾಯಸಮ್ಮತವಾಯಿತು. ಅಮೇರಿಕದ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ಹೊರಸಂಸ್ಥಾನದವರಿಗೆ ವಿವಾಹದ ಅನುಮತಿಯನ್ನು ಕೊಡಕೂಡದೆಂದು ಗವರ್ನರರು 1913ರ ಹಳೆಯ ಕಾನೂನೊಂದನ್ನು ಮುಂದಿಟ್ಟರೂ, ಪ್ರಾವಿನ್ಸ್‌ಟೌನಿನ ಆಡಳಿತಮಂಡಲಿಯು ಬಂದವರಿಗೆಲ್ಲ ಅನುಮತಿಯನ್ನು ಕೊಡಲು ನಿಶ್ಚಯಿಸಿತು. ಐವತ್ತು ವರ್ಷಗಳ ಹಿಂದೆ ಕೋಣೆ ಕೊಡಬೇಡಿರೆಂದ ಮಂಡಲಿಯದೇ ಉತ್ತರಾಧಿಕಾರಿಗಳಿವರು. 1913ರ ಆ ಕಾನೂನು 2008ರಲ್ಲಿ ರದ್ದಾಯಿತು. 2015ರ ಜೂನ್ 26ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಎಲ್ಲ ಸಂಸ್ಥಾನಗಳಿಗೂ ಇದೇ ನ್ಯಾಯವನ್ನು ಸಾರಿತು.

ಕಡಲತಡಿಯ ಊರುಗಳೇ ಇಂತಹ ಆಶ್ರಯಸ್ಥಾನಗಳಾದುದಕ್ಕೆ ಕಾರಣಗಳಿಲ್ಲದಿಲ್ಲ. 1841ರಲ್ಲಿ ರೈಲುದಾರಿ ಬಂದ ಮೇಲೆ ಲಂಡನ್ನಿನವರ ವಿಹಾರಸ್ಥಾನವಾದ ಬ್ರೈಟನ್ನನ್ನೂ, 1890ರ ದಶಕದಲ್ಲಿ ಸಾಂತಿಯಾಗೊ ರುಸಿನ್ಯೋಲ್ ಎಂಬ ಚಿತ್ರಕಾರರು ಮನೆಮಾಡಿದ ಸ್ಪೇನಿನ ಸಿಚೆಸ್ ಎಂಬ ಊರನ್ನೂ ಪರಿಶೀಲಿಸಿದರೆ ಅದೇ ಲಕ್ಷಣಗಳು ತೋರುತ್ತವೆ. ಅಪರಿಚಿತರು ಬಂದುಹೋಗುವುದೇ ಅಂತಹ ಊರಿನ ವೃತ್ತಿಯಾದುದರಿಂದ, ಹೊಸ ಮುಖವನ್ನು ಕಂಡು ಯಾರೂ ಕುಲಗೋತ್ರಗಳನ್ನು ವಿಚಾರಿಸುವುದಿಲ್ಲ. ಕೋಣೆಯ ಬಾಡಿಗೆಯೇ ಜೀವನವಾದುದರಿಂದ ಪ್ರಶ್ನೆ ಕೇಳುವುದು ಲಾಭಕರವಲ್ಲ. ನಾವಿಕರಿಂದ ಪರದೇಶದ ನಡೆನುಡಿಗಳು ಮೊದಲೇ ಪರಿಚಿತವಾಗಿರುತ್ತವೆ. ಕಲಾವಿದರು ಮೊದಲು ಬಂದು ಜನರ ಕಣ್ಣನ್ನು ವೈಚಿತ್ರ್ಯಕ್ಕೆ ಒಗ್ಗಿಸಿರುತ್ತಾರೆ. 1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿ ನಾಟಕವನ್ನು ರಚಿಸಿದುದನ್ನು ನೆನೆದರೆ, ಕಡಲು ಮನಸ್ಸಿನ ಕಟ್ಟುಗಳನ್ನು ಸಡಿಲಿಸುವುದೆಂಬುದು ಈ ಜಿಲ್ಲೆಯವರಿಗೂ ಹೊಸ ಮಾತಲ್ಲ.

ಇದೆಲ್ಲವೂ ಪಾಶ್ಚಾತ್ಯರ ವಿಷಯ, ಭರತಖಂಡಕ್ಕೆ ಸಂಬಂಧಿಸಿದುದಲ್ಲವೆಂದು ಕೆಲವರು ಹೇಳುವುದುಂಟು. ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿದವರಿಗೆ ಆ ಮಾತು ನಿಲ್ಲದು. ವಾತ್ಸ್ಯಾಯನನ ಕಾಮಸೂತ್ರವು ‘ತೃತೀಯಾ ಪ್ರಕೃತಿ’ಯನ್ನು ಲೋಕದಲ್ಲಿರುವ ಸಂಗತಿಯೆಂದು ನಿರ್ವಿಕಾರವಾಗಿ ವರ್ಣಿಸುತ್ತದೆ. ಭಾರತದಲ್ಲಿ ಶಿಖಂಡಿಯೂ ವಿರಾಟನ ಅಂತಃಪುರದ ಬೃಹನ್ನಳೆಯೂ ಇದ್ದಾರೆ. ಧರ್ಮಶಾಸ್ತ್ರಗಳು ಇದನ್ನು ಒಪ್ಪಿದುವೆಂದು ಹೇಳುವುದೂ ಸತ್ಯವಾಗಲಾರದು. ಮನುಸ್ಮೃತಿಯು ಪುರುಷಸಂಗವನ್ನು ಒಂದೆಡೆ ಜಾತಿಭ್ರಂಶಕರವೆಂದು ಎಣಿಸಿ, ಇನ್ನೊಂದೆಡೆ ಉಟ್ಟ ಬಟ್ಟೆಯೊಡನೆ ಸ್ನಾನವನ್ನು ಪ್ರಾಯಶ್ಚಿತ್ತವೆಂದು ಹೇಳುತ್ತದೆ; ಕನ್ಯೆಯನ್ನು ದೂಷಿಸಿದ ಸ್ತ್ರೀಗಾದರೋ ಕಠಿನದಂಡವನ್ನು ವಿಧಿಸುತ್ತದೆ. ಕೌಟಿಲ್ಯನು ಪುರುಷಸಂಗಕ್ಕೆ ದಂಡಗಳಲ್ಲಿ ಅತ್ಯಲ್ಪವಾದ ಪೂರ್ವಸಾಹಸದಂಡವನ್ನು ಹೇಳಿದ್ದಾನೆ. ದೋಷವೆಂದು ಎಣಿಸಿದರೂ ಸ್ನಾನದಿಂದಲೋ ಕೆಲವು ಪಣಗಳ ತೆರಿಗೆಯಿಂದಲೋ ತೀರುವ ದೋಷವೆಂಬುದು ಆ ವಚನಗಳ ತಾತ್ಪರ್ಯವು.

ಇಂಗ್ಲೆಂಡಿನಲ್ಲಾದರೋ ಎಂಟನೆಯ ಹೆನ್ರಿಯ ಕಾಲದಲ್ಲಿ, 1533ರಲ್ಲಿ, ಇದಕ್ಕೆ ಮರಣದಂಡನೆಯು ವಿಧಿಸಲ್ಪಟ್ಟು 1861ರವರೆಗೂ ಜಾರಿಯಲ್ಲಿದ್ದಿತು. ಅದೇ ಮೂಲದಿಂದ ಮೆಕಾಲೆಯ ಆಯೋಗವು ಕರಡನ್ನು ಸಿದ್ಧಪಡಿಸಿ, 1860ರಲ್ಲಿ ಭಾರತೀಯ ದಂಡಸಂಹಿತೆಯು ಅಂಗೀಕೃತವಾಯಿತು. ಅದರ 377ನೆಯ ಕಲಮು ‘ಪ್ರಕೃತಿವಿರುದ್ಧ’ವಾದ ಸಂಗಕ್ಕೆ ಯಾವಜ್ಜೀವ ಶಿಕ್ಷೆಯವರೆಗೂ ಅವಕಾಶವನ್ನು ಕೊಟ್ಟಿತು. ಆದುದರಿಂದ ಪರದೇಶದಿಂದ ಬಂದುದು ಯಾವುದೆಂದು ಕೇಳಿದರೆ, ಪ್ರೀತಿಯಲ್ಲ, ಕಾರಾಗೃಹವೆಂದೇ ಉತ್ತರ ಹೇಳಬೇಕಾಗುತ್ತದೆ. ಇಂಗ್ಲೆಂಡು 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿದರೂ ಭಾರತದಲ್ಲಿ ಆ ಕಲಮು ಉಳಿಯಿತು. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ಮೊಟಕುಗೊಳಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಪುನಃ ಎತ್ತಿಹಿಡಿಯಿತು. 2018ರ ಸೆಪ್ಟೆಂಬರ 6ರಂದು ಐವರು ನ್ಯಾಯಮೂರ್ತಿಗಳ ಪೀಠವು, ಪ್ರಾಪ್ತವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನೂತನ ನ್ಯಾಯಸಂಹಿತೆಯಲ್ಲಿ ಆ ಕಲಮೇ ಇಲ್ಲ. ವಿವಾಹದ ಹಕ್ಕನ್ನು ಮಾತ್ರ 2023ರ ಅಕ್ಟೋಬರ 17ರ ತೀರ್ಪು ಮನ್ನಿಸದೆ, ಅದನ್ನು ಶಾಸನಸಭೆಗಳಿಗೆ ಬಿಟ್ಟಿತು.

ಕನ್ನಡ ನಾಡಿನ ಜನಪದದಲ್ಲಿಯೂ ಇಂತಹವರಿಗೆ ಒಂದು ಎಡೆಯಿದ್ದಿತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ದೇವಿಗೆ ಮೀಸಲಾದ ಜೋಗಪ್ಪಂದಿರು ಹುಟ್ಟಿನಿಂದ ಗಂಡಸರೆನಿಸಿದರೂ ಸೀರೆಯುಟ್ಟು, ಚೌಡಿಕೆಯನ್ನು ನುಡಿಸಿ, ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ. ದೇವಿಯ ಹೆಸರಿನಲ್ಲಿ ಅವರಿಗೆ ಕೈಮುಗಿದ ಜನರೇ ಮನೆಯ ಜಗಲಿಯಿಂದ ಒಳಗೆ ಅವರನ್ನು ಕರೆದುದು ಅಪರೂಪ. ಆ ಪರಂಪರೆಯಲ್ಲಿ ಬೆಳೆದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಸ್ವೀಕರಿಸಿದರು. ಅದೇ ವರ್ಷ ಕರ್ನಾಟಕ ಸರಕಾರವು ತನ್ನ ನೌಕರಿಗಳಲ್ಲಿ ಲಿಂಗಪರಿವರ್ತಿತರಿಗೆ ನೂರಕ್ಕೆ 1ರಂತೆ ಸ್ಥಾನಗಳನ್ನು ಮೀಸಲಾಗಿರಿಸಿತು. ರಾಜ್ಯಗಳಲ್ಲಿ ಇದೇ ಮೊದಲನೆಯದು.

ಟಿಬೆಟ್ಟಿನ ಸಮಾಜವೂ ಈ ಪ್ರಶ್ನೆಯಿಂದ ಹೊರತಾಗಿಲ್ಲ. ವಿನಯಪಿಟಕವು ‘ಪಂಡಕ’ರೆಂಬವರಿಗೆ ಉಪಸಂಪದೆಯನ್ನು ನಿಷೇಧಿಸಿದೆ. 1997ರಲ್ಲಿ ದಲಾಯಿ ಲಾಮಾ ಅವರು ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸಲಿಂಗಪ್ರೇಮಿಗಳ ಪ್ರತಿನಿಧಿಗಳೊಡನೆ ಮಾತನಾಡಿ, ಬೌದ್ಧಾಚಾರದ ದೃಷ್ಟಿಯೊಂದು, ಸಮಾಜದ ದೃಷ್ಟಿಯೊಂದು ಎಂದು ಭೇದವನ್ನು ತೋರಿಸಿದರು. 2014ರಲ್ಲಿ ಸಂದರ್ಶನವೊಂದರಲ್ಲಿ, ಇಬ್ಬರಿಗೂ ಒಪ್ಪಿಗೆಯಿದ್ದರೆ ಅದು ಅವರವರ ಸ್ವವಿಷಯವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಮೊದಲು ಭಿಕ್ಷುವಾಗಿದ್ದ ತೆಂಜಿನ್ ಮರಿಕೊ ಎಂಬವರು 2015ರಲ್ಲಿ ತಾವು ಸ್ತ್ರೀಯೆಂದು ಬಹಿರಂಗವಾಗಿ ಪ್ರಕಟಪಡಿಸಿಕೊಂಡರು. ನಿರ್ವಾಸಿತರ ನಡುವೆ ಮತ್ತೊಮ್ಮೆ ನಿರ್ವಾಸಿತೆಯಾಗುವ ಭಯವನ್ನು ಮೆಟ್ಟಿನಿಂತ ಅವರ ಧೈರ್ಯವು ಸಾಮಾನ್ಯವಾದುದಲ್ಲ.

ಆಶ್ರಯಸ್ಥಾನಗಳಿಗೂ ಬೆಲೆಯೊಂದುಂಟು. ಪ್ರಾವಿನ್ಸ್‌ಟೌನಿನ ಕೀರ್ತಿ ಬೆಳೆದಂತೆ ಮನೆಗಳ ಕ್ರಯವೂ ಬೆಳೆಯಿತು. ಕೋಣೆಗಳನ್ನು ಬಾಡಿಗೆಗೆ ಕೊಟ್ಟ ಬೆಸ್ತರ ಮಕ್ಕಳಿಗೇ ಅಲ್ಲಿ ಮನೆ ಕೊಳ್ಳಲು ಶಕ್ತಿಯಿಲ್ಲದಾಯಿತು. ಬೇಸಿಗೆಯಲ್ಲಿ ಬೀದಿ ಕಿಕ್ಕಿರಿದರೂ ವರ್ಷವಿಡೀ ನೆಲಸಿರುವವರು ಸುಮಾರು 3,600 ಜನರು. ವಿದ್ಯಾರ್ಥಿಗಳಿಲ್ಲದೆ ಊರಿನ ಪ್ರೌಢಶಾಲೆಯು 2013ರಲ್ಲಿ ಮುಚ್ಚಿತು. ಕೊನೆಯ ತರಗತಿಯಲ್ಲಿ ತೇರ್ಗಡೆಯಾದವರು ಎಂಟೇ ಮಂದಿ. ಮುಂಡಗೋಡದಲ್ಲಿಯೂ ತರುಣರು ಪರದೇಶಗಳಿಗೆ ತೆರಳುತ್ತಿರಲು, ಮುದುಕರೂ ವಿಹಾರಗಳೂ ಉಳಿದುಕೊಳ್ಳುವ ಚಿಂತೆಯು ತಲೆದೋರಿದೆ. ಅಲ್ಲಿಯ ವಿಹಾರಗಳನ್ನು ಕಾಣಬಂದ ವಿದೇಶೀಯರು ಕಾಲೊನಿಯಲ್ಲಿ ತಂಗಲು ಕೇಂದ್ರ ಸರಕಾರದ ವಿಶೇಷ ಅನುಮತಿಪತ್ರವನ್ನು ಪಡೆಯಬೇಕೆಂಬ ನಿಬಂಧನೆಯು, ಆರು ದಶಕಗಳ ಮೇಲೂ ಅದು ಶಿಬಿರವೇ ಆಗಿರುವುದನ್ನು ನೆನಪಿಸುತ್ತದೆ.

ಮುಂಡಗೋಡದಿಂದ ಶಿರಸಿಯ ದಾರಿಯಾಗಿ ದೇವಿಮನೆ ಘಟ್ಟವನ್ನಿಳಿದರೆ ಗೋಕರ್ಣ. ದಕ್ಷಿಣಸಮುದ್ರತೀರದ ಆ ಕ್ಷೇತ್ರವನ್ನು ಕಾಳಿದಾಸನು ರಘುವಂಶದಲ್ಲಿ ಸ್ಮರಿಸಿದ್ದಾನೆ. ಮಹಾಬಲೇಶ್ವರನ ದರ್ಶನಕ್ಕೆ ಬರುವ ಯಾತ್ರಿಕರಿಗೆ ಮನೆಯ ಕೋಣೆಯನ್ನು ತೆರವುಮಾಡಿ ಕೊಡುವುದು ಅಲ್ಲಿಯ ಪುರಾತನ ವೃತ್ತಿ. ಗೋವೆಯ ಗದ್ದಲಕ್ಕೆ ಬೇಸತ್ತ ವಿದೇಶೀಯ ಪ್ರವಾಸಿಗಳೂ ಕೆಲವು ದಶಕಗಳಿಂದ ಕುಡ್ಲೆ, ಓಂ ಮುಂತಾದ ಕಡಲತಡಿಗಳಿಗೆ ಬರುತ್ತಿದ್ದಾರೆ. ಪ್ರಾವಿನ್ಸ್‌ಟೌನಿನಂತೆ ಸಲಿಂಗಪ್ರೇಮಿಗಳ ಆಶ್ರಯವೆಂದು ಹೆಸರಾದ ಊರು ಈ ಕರಾವಳಿಯಲ್ಲಿ ಒಂದೂ ಇಲ್ಲ. ಆದರೆ ಅಲ್ಲಿ ಆಶ್ರಯವನ್ನು ಕಟ್ಟಿದ ಸಾಮಗ್ರಿಗಳಾದ ಕಡಲು, ಬಾಡಿಗೆಯ ಕೋಣೆ, ಪ್ರಶ್ನೆ ಕೇಳದ ಗೃಹಿಣಿ, ಇವೆಲ್ಲವೂ ಇಲ್ಲಿಯೂ ಇವೆ.

ಇಲ್ಲಿಯ ಯಾವುದೋ ಹಳ್ಳಿಯ ಮಗನೋ ಮಗಳೋ ತನ್ನ ಮನಸ್ಸಿನ ಮಾತನ್ನು ಹೇಳಲಾರದೆ ರಾತ್ರಿಯ ಬಸ್ಸನ್ನು ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೊರಟರೆ, ಆ ಪ್ರಯಾಣವೂ ಹಿಮಾಲಯದ ಕಣಿವೆಯನ್ನು ದಾಟಿದಷ್ಟೇ ದೂರದ್ದು. ದೂರದ ಟಿಬೆಟ್ಟಿನವರಿಗೆ ಹೊಲವನ್ನೂ ಕಾಡನ್ನೂ ಬಿಟ್ಟುಕೊಟ್ಟ ಜಿಲ್ಲೆಯಿದು. ತನ್ನ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಅದು ಬಿಟ್ಟುಕೊಡಬೇಕಾದುದು ಎಕರೆಗಟ್ಟಲೆ ಭೂಮಿಯನ್ನಲ್ಲ. ಊಟದ ಪಂಕ್ತಿಯಲ್ಲಿ ಒಂದು ಮಣೆಯನ್ನು. ಅಷ್ಟು ಆದ ದಿನ ಆಶ್ರಯವನ್ನರಸಿ ಕಡಲತಡಿಗೆ ಹೋಗುವ ಕಾರಣವು ಯಾರಿಗೂ ಇರಲಾರದು. ಹೋದವರು ಎಲ್ಲರಂತೆ ತೆರೆಗಳನ್ನು ನೋಡಿ, ಸಂಜೆಯಾದ ಮೇಲೆ ತಮ್ಮ ಮನೆಗೆ ಮರಳಿಬಂದಾರು.